ಸೋದರಮಾವನ ಉತ್ತರಕ್ರಿಯೆಗೆ ಕೈಯಿಂದ ಹಾಕಿದ ಹಣ ಅವರ ಎಫ್‌ಡಿಯಿಂದ ವಾಪಸ್ ಸಿಗುತ್ತದೆಯೇ?

ತುಂಗಾತೀರ:
ಸೋದರಮಾವ ಎರಡು ತಿಂಗಳ ಹಿಂದೆ ತೀರಿಕೊಂಡರು. ಮದುವೆ ಆಗಿರಲಿಲ್ಲ, ವಿಲ್ ಬರೆದಿಲ್ಲ, ಅಜ್ಜ-ಅಜ್ಜಿ ಈಗಿಲ್ಲ. ಒಡಹುಟ್ಟಿದವರು ನಮ್ಮಮ್ಮ ಮತ್ತು ದೊಡ್ಡಮಾವ ಇಬ್ಬರೇ. ಬ್ಯಾಂಕಿನಲ್ಲಿ 6,40,000 ರೂ. ಎಫ್‌ಡಿ ಇದೆ, ನಾಮಿನಿ ದೊಡ್ಡಮಾವನ ಮಗ. ಆಸ್ಪತ್ರೆಯ ಕೊನೆಯ ಬಿಲ್ 38,000, ದಹನ ಮತ್ತು ಕರ್ಮಗಳಿಗೆ 36,000, ವೈಕುಂಠ ಸಮಾರಾಧನೆಗೆ 62,000, ಎಲ್ಲ ನಾನೇ ಕೊಟ್ಟಿದ್ದು. ಈಗ ದೊಡ್ಡಮಾವನ ಮನೆಯವರು ‘ದುಡ್ಡು ನಾಮಿನಿಯದು’ ಎನ್ನುತ್ತಿದ್ದಾರೆ. ಬಿಲ್‌ಗಳನ್ನು ನೇರ ಬ್ಯಾಂಕಿಗೆ ಕೊಡಬಹುದಾ?

ಕಡತವಾಹಿ:
ಬ್ಯಾಂಕಿಗೆ ಕೊಟ್ಟು ಪ್ರಯೋಜನವಿಲ್ಲ. ಅವರು ಹಣ ಕೊಡುವುದು ನಾಮಿನಿಗೆ, ಖರ್ಚು ಮಾಡಿದವರಿಗಲ್ಲ. ಆದರೆ ನಾಮಿನಿ ಹಣ ಪಡೆಯುವುದು ವಾರಸುದಾರರ ಪರವಾಗಿ, ಅದು ಅವನ ಸ್ವಂತದ್ದಾಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ಮಾವನ ಆಸ್ತಿ ಅಣ್ಣ ಮತ್ತು ತಂಗಿಗೆ ಸಮಪಾಲು. ಅಣ್ಣ ಬದುಕಿರುವಾಗ ಅವರ ಮಗನಿಗೆ ಪಾಲು ಬರುವುದೇ ಇಲ್ಲ.

ಇನ್ನು ಖರ್ಚಿನ ವಿಷಯ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಂ ಓದಿ. ಸತ್ತವರ ಅಂತಸ್ತಿಗೆ ತಕ್ಕ ಅಂತ್ಯಕ್ರಿಯೆ ವೆಚ್ಚ, ಕೊನೆಗಾಲದ ವೈದ್ಯಕೀಯ ವೆಚ್ಚ, ಸಾಯುವ ಮುಂಚಿನ ಒಂದು ತಿಂಗಳ ಊಟ-ವಸತಿ, ಇವನ್ನು ಬೇರೆಲ್ಲ ಸಾಲಕ್ಕಿಂತ ಮೊದಲು ತೀರಿಸಬೇಕು. ಹಾಗಾಗಿ ಆಸ್ಪತ್ರೆ ಬಿಲ್ಲೂ ಇದರೊಳಗೆ ಬರುತ್ತದೆ. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ ಆಮೇಲೆ. ಅಡವಿಟ್ಟ ಚಿನ್ನದ ಮೇಲಿನ ಸಾಲಗಾರನ ಹಕ್ಕು ಮಾತ್ರ ಆ ಚಿನ್ನದ ಮೇಲೆ ಹಾಗೇ ಇರುತ್ತದೆ.

ಲೆಕ್ಕ ಹೀಗೆ: 6,40,000ದಲ್ಲಿ ನಿಮ್ಮ 1,36,000 ತೆಗೆದರೆ 5,04,000. ಅಮ್ಮನಿಗೆ 2,52,000, ದೊಡ್ಡಮಾವನಿಗೆ 2,52,000. ಅಂದರೆ ದೊಡ್ಡಮಾವನ ಮೇಲೆ ಬೀಳುವ ಭಾರ 68,000, ಉಳಿದ 68,000 ನಿಮ್ಮಮ್ಮನ ಪಾಲಿನಿಂದಲೇ. ಮಾತಿಗೆ ಕೂರುವಾಗ ಈ ಅಂಕಿಯನ್ನೇ ಮುಂದಿಡಿ. ಪೂರ್ತಿ 1,36,000 ತಮ್ಮ ಜೇಬಿನಿಂದ ಹೋಗುತ್ತದೆಂಬ ಭಯಕ್ಕೇ ಅರ್ಧ ಜಗಳ ಆಗುವುದು.

ತುಂಗಾತೀರ:
ಸಮಾರಾಧನೆಗೆ ಅಡುಗೆಯವರಿಗೂ ಪುರೋಹಿತರಿಗೂ ನಗದು ಕೊಟ್ಟಿದ್ದು. ರಸೀದಿ ಇಲ್ಲ.

ಅರಳೀಕಟ್ಟೆ:
ಈಗಲೇ ಹೋಗಿ ವೋಚರ್ ಬರೆಸಿಕೊಳ್ಳಿ. ಕೊಟ್ಟ ದಿನ, ಮೊತ್ತ, ಯಾವ ಕೆಲಸಕ್ಕೆ, ಸಹಿ. ಸಹಿ ಹಾಕಿದ ತಾರೀಕು ಇವತ್ತಿನದೇ ಇರಲಿ, ಹಿಂದಿನ ತಾರೀಕು ಹಾಕಿಸಬೇಡಿ. 5,000 ಮೀರಿದ್ದಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಆಂಬುಲೆನ್ಸ್, ಫ್ರೀಜರ್ ಬಾಡಿಗೆ, ಚಿತಾಗಾರದ ರಸೀದಿ, ಪಶ್ಚಿಮವಾಹಿನಿಗೆ ಅಸ್ಥಿ ಒಯ್ದ ಕಾರಿನ ಬಾಡಿಗೆ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ‘ಕ್ರಿಯೆಗೆ ಒಟ್ಟು 36,000’ ಎಂದು ಬರೆದರೆ ಯಾರೂ ಒಪ್ಪುವುದಿಲ್ಲ.

ತಕರಾರು ಬರುವುದು ಸಮಾರಾಧನೆಗೆ. ಅದನ್ನು ಪ್ರತ್ಯೇಕ ಪಟ್ಟಿ ಮಾಡಿ. ನೂರು ಜನರ ಊಟವನ್ನು ಅಂತಸ್ತಿಗೆ ತಕ್ಕದ್ದೆಂದು ಸಮರ್ಥಿಸಬಹುದು, ಬಂದವರಿಗೆಲ್ಲ ಹಂಚಿದ ಸ್ಟೀಲ್ ಪಾತ್ರೆಯನ್ನು ಸಮರ್ಥಿಸುವುದು ಕಷ್ಟ. ಅಂಥದ್ದಿದ್ದರೆ ನೀವೇ ಬಿಟ್ಟುಬಿಡಿ, ಉಳಿದ ಲೆಕ್ಕಕ್ಕೆ ಬೆಲೆ ಬರುತ್ತದೆ.

ಇನ್ನೊಂದು ಮುಖ್ಯ: ವಾಟ್ಸಾಪಿನಲ್ಲಿ ‘ಇದು ನನ್ನ ಋಣ, ವಾಪಸ್ ಬೇಡ’ ಎಂದು ಬರೆಯಬೇಡಿ. ಕರಾರು ಕಾಯ್ದೆಯ 70ನೇ ಕಲಂನಲ್ಲಿ ಹಣ ಕೇಳಬೇಕಾದರೆ ಅದು ಉಚಿತವಾಗಿ ಮಾಡಿದ್ದಾಗಿರಬಾರದು.

ಕಡತವಾಹಿ:
ಮೊದಲು ನಾಮಿನಿಗೂ ದೊಡ್ಡಮಾವನಿಗೂ ಪಟ್ಟಿ, ರಸೀದಿಗಳ ಜೆರಾಕ್ಸ್ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಹದಿನೈದು ದಿನ ಕೊಡಿ. ಒಪ್ಪದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾವೆ-ಪೂರ್ವ ಅರ್ಜಿ ಕೊಡಿ, ಕೋರ್ಟ್ ಫೀ ಇಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ಅವಾರ್ಡ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ. ಅಲ್ಲೂ ಆಗದಿದ್ದರೆ ವಸೂಲಿ ದಾವೆ. ವಾರಸುದಾರರು ಹೊಣೆಯಾಗುವುದು ಮಾವನಿಂದ ಕೈಗೆ ಬಂದ ಆಸ್ತಿಯ ಮಟ್ಟಿಗಷ್ಟೇ, ಆದ್ದರಿಂದ ಎಫ್‌ಡಿ ಹಣ ಯಾರ ಖಾತೆಗೆ ಹೋಯಿತೆಂಬ ದಾಖಲೆ ಇಟ್ಟುಕೊಳ್ಳಿ.

ದಾವೆ ಹೂಡಲು ಅವಧಿ ಮೂರು ವರ್ಷ, ಒಂದೊಂದು ಪಾವತಿಗೂ ಕೊಟ್ಟ ದಿನದಿಂದಲೇ ಎಣಿಕೆ. ಅಷ್ಟರೊಳಗೆ ಅವರು ‘ಇಷ್ಟು ಕೊಡಬೇಕಾಗಿದೆ’ ಎಂದು ಬರೆದು ಸಹಿ ಮಾಡಿದರೆ ಆ ದಿನದಿಂದ ಹೊಸ ಎಣಿಕೆ. ಬಾಯಿಮಾತಿನ ‘ಕೊಡೋಣ ಬಿಡು’ ಲೆಕ್ಕಕ್ಕಿಲ್ಲ.