ಎಕ್ಸ್‌ನಲ್ಲಿ ಖಾತೆ ತೆರೆದಿದ್ದೇನೆ, ಮುಂದೇನು ಮಾಡಲಿ?

ಗುಳೇದಗುಡ್ಡದಿಂದ ಪ್ರಶ್ನೆ:
ನಮಸ್ಕಾರ ಎಲ್ಲರಿಗೂ. ನಮ್ಮ ಮನೆಯಲ್ಲಿ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಮಗ್ಗ ಇದೆ. ಅವರಿವರು ಹೇಳಿದರು ಅಂತ ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ, ಖಾತೆ ತೆರೆದೆ. ಖಣದ ಬಗ್ಗೆ ಬರೆದು ಹಾಕಿದರೆ ಒಬ್ಬರೂ ನೋಡಿಲ್ಲ. ತೆರೆದ ಕೂಡಲೇ ಕಾಣೋದು ಬರೀ ರಾಜಕೀಯದ ಜಗಳ, ಇಲ್ಲಾ ಕ್ರಿಕೆಟ್. ಕನ್ನಡದಲ್ಲಿ ಬರೆದರೆ ಜಾಗ ಬೇಗ ಮುಗಿದುಹೋಗುತ್ತೆ. ನೀವೆಲ್ಲ ಹೇಗೆ ಶುರು ಮಾಡಿದಿರಿ, ಸ್ವಲ್ಪ ಹೇಳಿ.

ಬಾಗಲಕೋಟೆಯಿಂದ:
ತಂಗಿ, ಯಾರೂ ನೋಡದೇ ಇರೋದು ಮಾಮೂಲು. ಫಾಲೋ ಮಾಡುವವರೇ ಇಲ್ಲದಾಗ ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕು? ಸದ್ಯಕ್ಕೆ ನಿಮ್ಮ ಪೋಸ್ಟ್ ಬದಿಗಿಡಿ. ಬೇರೆಯವರು ಬರೆದದ್ದಕ್ಕೆ ಉತ್ತರ ಕೊಡೋದರಿಂದ ಶುರು ಮಾಡಿ. ಇಳಕಲ್ ಸೀರೆ ಅಂತ ಹುಡುಕಿ. ಯಾರೋ ಸೀರೆಯ ಫೋಟೊ ಹಾಕಿ, ಇದಕ್ಕೆ ಎಂಥ ಕುಪ್ಪಸ ಹೊಲಿಸಲಿ ಅಂತ ಕೇಳಿರುತ್ತಾರೆ. ಅಲ್ಲಿ ಖಣದ ಮಾತು ಆಡೋಕೆ ನಿಮಗಿಂತ ಯೋಗ್ಯರು ಯಾರಿದ್ದಾರೆ? ಫೋಟೊ ಸಮೇತ ಒಂದೆರಡು ಸಾಲು ಬರೆಯಿರಿ. ಬೆಲೆ ಮಾತ್ರ ಹಾಕಬೇಡಿ. ಕೇಳದೇ ಬೆಲೆ ಹೇಳಿದರೆ ಜಾಹೀರಾತು ಅಂದುಕೊಂಡು ಮುಂದೆ ಹೋಗುತ್ತಾರೆ. ಉತ್ತರ ಚೆನ್ನಾಗಿದ್ದರೆ ನಿಮ್ಮ ಹೆಸರು ಒತ್ತಿ ಖಾತೆಗೆ ಬಂದೇ ಬರುತ್ತಾರೆ. ಪರಿಚಯಕ್ಕೆ 160 ಅಕ್ಷರದ ಜಾಗ ಕೊಡುತ್ತಾರೆ, ಅದನ್ನು ಖಾಲಿ ಬಿಡಬೇಡಿ.

ಜಗಳದ ವಿಷಯ. ಮೇಲೆ ಎರಡು ಟ್ಯಾಬ್ ಇವೆ. 'ಫಾರ್ ಯೂ' ಅನ್ನೋದು ಎಕ್ಸ್‌ನವರು ಆರಿಸಿ ತೋರಿಸೋದು. 'ಫಾಲೋಯಿಂಗ್' ಅನ್ನೋದು ನೀವು ಆರಿಸಿಕೊಂಡವರದ್ದು. ನಾನು ಎರಡನೆಯದನ್ನೇ ಓದೋದು. ಸೆಟ್ಟಿಂಗ್ಸ್‌ನಲ್ಲಿ ಪದಗಳನ್ನೂ ಮ್ಯೂಟ್ ಮಾಡಬಹುದು, ಅಂದರೆ ಆ ಪದ ಇರೋ ಪೋಸ್ಟ್ ಕಾಣದ ಹಾಗೆ ಮಾಡಬಹುದು. ಪಕ್ಷಗಳ ಹೆಸರು, ನಾಲ್ಕಾರು ಲೀಡರ್‌ಗಳ ಹೆಸರು ಹಾಕಿಬಿಡಿ, ಚುನಾವಣೆ ಬಂದರೂ ನೆಮ್ಮದಿಯಾಗಿರುತ್ತೀರಿ.

ಇನ್ನೊಂದು, ಇದನ್ನು ಯಾರೂ ಹೇಳಿಕೊಡೋದಿಲ್ಲ. ಪೋಸ್ಟನ್ನು @ ಗುರುತಿನ ಹೆಸರಿನಿಂದಲೇ ಶುರು ಮಾಡಿದರೆ ಅದು ಆ ಒಬ್ಬರಿಗೆ ಬರೆದ ಉತ್ತರದ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮನ್ನು ಫಾಲೋ ಮಾಡುವ ಎಲ್ಲರಿಗೂ ಕಾಣಬೇಕು ಅಂದರೆ ಆ ಹೆಸರಿಗಿಂತ ಮೊದಲು ಒಂದು ಪದವಾದರೂ ಇರಲಿ.

ವಿಜಯಪುರದಿಂದ:
ಜಾಗ ಯಾಕೆ ಬೇಗ ಮುಗಿಯುತ್ತೆ ಅಂತ ನಾನು ಹೇಳ್ತೀನಿ, ಡಿಟಿಪಿ ಕೆಲಸ ನನ್ನದು. ಹಣ ಕಟ್ಟದ ಖಾತೆಗೆ 280 ಅಕ್ಷರದ ಮಿತಿ. 2017ರವರೆಗೆ 140 ಇತ್ತು. ಮೊದಮೊದಲು ಎಸ್ಸೆಮ್ಮೆಸ್‌ನಲ್ಲೇ ಕಳಿಸುತ್ತಿದ್ದರು; ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಅದರಲ್ಲಿ 20 ಹೆಸರಿಗೆ ಬಿಟ್ಟು ಉಳಿದದ್ದು ಅಷ್ಟು. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. ನಿಮ್ಮೂರನ್ನೇ ನೋಡಿ. ಗುಳೇದಗುಡ್ಡ ಅಂದರೆ ನಮ್ಮ ಕಣ್ಣಿಗೆ ಐದು ಅಕ್ಷರ. ಅವರ ಲೆಕ್ಕದಲ್ಲಿ ಗ, ಕೊಂಬು, ಳ, ಏತ್ವ, ದ, ಮತ್ತೆ ಗ, ಕೊಂಬು, ಡ, ಅರ್ಧಾಕ್ಷರದ ಗುರುತು, ಇನ್ನೊಂದು ಡ. ಒಟ್ಟು ಹತ್ತು! ಲಿಂಕ್ ಎಷ್ಟೇ ಉದ್ದವಿದ್ದರೂ 23 ಅಂತಲೇ ಹಿಡಿಯುತ್ತಾರೆ, ಹಾಗಾಗಿ ಲಿಂಕ್ ಚಿಕ್ಕದು ಮಾಡೋ ತಾಪತ್ರಯ ಬೇಡ. ಎಕ್ಸ್‌ನಂಥದ್ದೇ ಇನ್ನೊಂದು ತಾಣ ಬ್ಲೂಸ್ಕೈನಲ್ಲಿ ಮಿತಿ 300, ಆದರೆ ಅಲ್ಲಿ 'ಗು' ಒಂದೇ ಅಕ್ಷರ. ಕನ್ನಡಕ್ಕೆ ಅದು ವಾಸಿ. ಜನ ಮಾತ್ರ ಅಲ್ಲಿ ಕಡಿಮೆ.

ಒಂದು ಪೋಸ್ಟಿಗೆ ಒಂದೇ ವಿಷಯ. ಜಾಸ್ತಿ ಇದ್ದರೆ ನಿಮ್ಮ ಪೋಸ್ಟಿಗೇ ನೀವು ಉತ್ತರ ಬರೆಯುತ್ತಾ ಹೋಗಿ, ಸರಪಳಿ ಆಗುತ್ತೆ.

ಇಳಕಲ್‌ನಿಂದ:
ಮಡಿಚಿಟ್ಟ ಬಟ್ಟೆಯ ಫೋಟೊ ಬೇಡವೇ ಬೇಡ ಅಕ್ಕಾ. ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಮಗ್ಗದ ಮೇಲಿದ್ದಾಗಲೇ ತೆಗೆಯಿರಿ, ಲಾಳಿ ಹಿಡಿದ ಕೈ ಕಾಣಲಿ. ನಮ್ಮ ಸೀರೆಗೂ ಅಷ್ಟೇ, ಸೆರಗು ಜೋಡಿಸುವ ವಿಡಿಯೊ ಹಾಕಿದ ದಿನವೇ ಜನ ಮಾತಾಡಿಸಿದ್ದು.

ಬೆಳಗಾವಿಯಿಂದ:
ನನ್ನದು ಖಡೇಬಜಾರ್ ಹತ್ತಿರ ಬಟ್ಟೆ ಅಂಗಡಿ. ಕನ್ನಡಕ್ಕೊಂದು, ಮರಾಠಿಗೊಂದು ಪೋಸ್ಟ್ ಬೇರೆ ಬೇರೆ ಹಾಕ್ತೀನಿ. ಎರಡನ್ನೂ ಒಂದರಲ್ಲೇ ತುರುಕಿದರೆ ಯಾರೂ ಪೂರ್ತಿ ಓದಲ್ಲ. ಭಾಷೆಯ ಜಗಳಕ್ಕೆ ಕರೆದರೆ ಹೋಗಬೇಡಿ, ಸುಮ್ನೆ ಮ್ಯೂಟ್ ಮಾಡಿ. ಬ್ಲಾಕ್ ಮಾಡಿದರೆ ಅವರಿಗೆ ಗೊತ್ತಾಗುತ್ತೆ, ಅದನ್ನೇ ದೊಡ್ಡದು ಮಾಡ್ತಾರೆ.

ಮೋಸದ ಬಗ್ಗೆ ಹುಷಾರು. ಕೊರಿಯರ್‌ನವರು ನನ್ನದೊಂದು ಪಾರ್ಸೆಲ್ ಕಳೆದರು ಅಂತ ಬರೆದಿದ್ದೆ. ಸ್ವಲ್ಪ ಹೊತ್ತಿಗೇ 'ಕಸ್ಟಮರ್ ಕೇರ್' ಅಂತ ಒಂದು ಖಾತೆ ಬಂತು. ಮೊಬೈಲ್ ನಂಬರ್ ಕೊಡಿ, ಈ ಆ್ಯಪ್ ಹಾಕಿಕೊಳ್ಳಿ ಅಂತು. ಒಳಗೆ ಹೋಗಿ ನೋಡಿದರೆ ಆ ಖಾತೆ ತೆರೆದು ತಿಂಗಳೂ ಆಗಿಲ್ಲ. ನೀಲಿ ಟಿಕ್ ಇದೆ ಅಂತ ನಂಬಬೇಡಿ. 2022ರ ಕೊನೆಯಿಂದ ಅದು ದುಡ್ಡು ಕೊಟ್ಟವರಿಗೆ ಸಿಗುತ್ತೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಾಸ್‌ವರ್ಡ್ ಜೊತೆ ಎರಡನೇ ಬೀಗವೂ ಇರಲಿ. ಎಸ್ಸೆಮ್ಮೆಸ್ ಕೋಡ್ 2023ರಿಂದ ಹಣ ಕಟ್ಟುವವರಿಗೆ ಮಾತ್ರ, ನೀವು ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಬಳಸಿ.

ಗುಳೇದಗುಡ್ಡದಿಂದ:
ತುಂಬಾ ಉಪಕಾರ ಆಯ್ತು. ಹೆಸರು ಕನ್ನಡದಲ್ಲಿ ಇಡೋಕೆ ಹೋದರೆ ತಗೊಳ್ತಿಲ್ಲವಲ್ಲ?

ಬೆಳಗಾವಿಯಿಂದ:
@ ಮುಂದಿನ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ, ಅದೂ 15ರೊಳಗೆ. ಅದರ ಮೇಲೆ ದಪ್ಪಗೆ ಕಾಣೋ ಹೆಸರು ಕನ್ನಡದಲ್ಲೇ ಇರಬಹುದು.

ಜಮಖಂಡಿಯಿಂದ:
ಎಲ್ಲರೂ ಎಕ್ಸ್ ಎಕ್ಸ್ ಅಂತಿದ್ದೀರಿ. ಕೂ ನೆನಪಿದೆಯಾ? ಎಕ್ಸ್‌ನಂಥದ್ದೇ ಆ್ಯಪ್, ಬೆಂಗಳೂರಿನದ್ದು, ಕನ್ನಡದಲ್ಲೇ ಶುರುವಾದದ್ದು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಒಳ್ಳೊಳ್ಳೆಯ ಬರಹ ಹಾಕಿ ಬೇರೆಲ್ಲೂ ಇಟ್ಟುಕೊಳ್ಳದವರು ಎಷ್ಟು ಜನ! ಬರೆದದ್ದನ್ನೂ ಫೋಟೊಗಳನ್ನೂ ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ. ಅದೇ ಹೆಸರಿನಲ್ಲಿ ಬ್ಲೂಸ್ಕೈನಲ್ಲೂ ಒಂದು ಖಾತೆ ಹಿಡಿದಿಡಿ, ಬರೆಯದಿದ್ದರೂ ಪರವಾಗಿಲ್ಲ.

ಗುಳೇದಗುಡ್ಡದಿಂದ:
ಹೀಗೆ ಬರೆದರೆ ಆಗುತ್ತಾ ನೋಡಿ: "ಆನೆ ಹೆಜ್ಜೆ ಖಣ, ನಮ್ಮ ಮಗ್ಗದ್ದು. ಉಡಿ ತುಂಬುವಾಗ ಕೊಡೋದು ಇದನ್ನೇ. ನಿಮ್ಮ ಮನೆ ಪೆಟ್ಟಿಗೆಯಲ್ಲಿ ಅಜ್ಜಿಯ ಖಣ ಇದೆಯಾ? ಇದ್ದರೆ ಫೋಟೊ ಹಾಕ್ರಿ. #ಗುಳೇದಗುಡ್ಡ ಖಣ"

ಬಾಗಲಕೋಟೆಯಿಂದ:
ಭೇಷ್, ಕೊನೆಗೆ ಪ್ರಶ್ನೆ ಕೇಳಿದ್ದು ಚಲೋ ಆಯ್ತು, ಜನ ಉತ್ತರ ಕೊಡೋದು ಇಂಥದ್ದಕ್ಕೇ. ಹ್ಯಾಶ್‌ಟ್ಯಾಗ್ ಒಂದು ಸರಿ ಮಾಡಿ. ನಡುವೆ ಜಾಗ ಬಿಟ್ಟರೆ ಟ್ಯಾಗ್ ಊರಿನ ಹೆಸರಿಗೇ ನಿಂತುಬಿಡುತ್ತೆ, ಖಣ ಹೊರಗೆ ಉಳಿಯುತ್ತೆ. #ಗುಳೇದಗುಡ್ಡಖಣ ಅಂತ ಸೇರಿಸಿ ಬರೆದು ಹಾಕಿ, ನಾನು ಮೊದಲು ರೀಪೋಸ್ಟ್ ಮಾಡ್ತೀನಿ.