ಪ್ರಿಫೆಚ್ ಹಾಕಿದ ಮೇಲೂ ತೋಟಕ್ಕೊಂದು ಕ್ವೆರಿ ಹೋಗುತ್ತಿದೆ: ಡಿಬಿಐಎಕ್ಸ್ ಕ್ಲಾಸ್‌ನಲ್ಲಿ ಸಂಬಂಧಿತ ಸಾಲುಗಳ ಹುಡುಕಾಟ

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತಮುತ್ತಲಿನ 38 ಕಾಫಿ ತೋಟಗಳ ಮಳೆ ಲೆಕ್ಕವನ್ನು ಹಳೆಯ ರಿಜಿಸ್ಟರುಗಳಿಂದ ಕಂಪ್ಯೂಟರಿಗೆ ಏರಿಸಿ, ಅದನ್ನು ಪರ್ಲ್‌ನಲ್ಲಿ ಬರೆದ ಒಂದು ಸಣ್ಣ ವೆಬ್ ಪ್ರೋಗ್ರಾಮಿನ ಮೂಲಕ ತೋರಿಸುತ್ತಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಲೈಟ್, ಅದರ ಮೇಲೆ, ಟೇಬಲ್ಲಿನ ಸಾಲುಗಳನ್ನು ಪರ್ಲ್ ಆಬ್ಜೆಕ್ಟುಗಳಾಗಿ ಕೊಡುವ ಡಿಬಿಐಎಕ್ಸ್ ಕ್ಲಾಸ್ ಎಂಬ ಮಾಡ್ಯೂಲ್ ಇದೆ. ಟೇಬಲ್‌ಗಳು ಎರಡೇ: ‘ತೋಟ’ ಮತ್ತು ‘ಮಳೆ’. ಒಂದು ತೋಟಕ್ಕೆ ಅನೇಕ ಮಳೆ ಸಾಲುಗಳು ಇರುವುದರಿಂದ ತೋಟದ ಕ್ಲಾಸಿನಲ್ಲಿ ‘ಮಳೆಗಳು’ ಎಂಬ ಹೆಸರಿನ ಹ್ಯಾಸ್ ಮೆನಿ (ಒಂದಕ್ಕೆ ಹಲವು) ಸಂಬಂಧವನ್ನು ಬರೆದಿದ್ದೇನೆ. ಹತ್ತು ವರ್ಷದ ಲೆಕ್ಕವಿದ್ದು, ಮಳೆ ಬಾರದ ದಿನಕ್ಕೂ ಸೊನ್ನೆ ಎಂದು ಒಂದು ಸಾಲು ಇರುವುದರಿಂದ ಒಟ್ಟು 1,38,000ಕ್ಕೂ ಹೆಚ್ಚು ಸಾಲುಗಳಿವೆ.

ತೊಂದರೆ ಇರುವುದು ಹೂಮಳೆಯ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ, ಪುಟದಲ್ಲಿ. ಪ್ರತಿ ತೋಟದ ಹೆಸರಿನ ಮುಂದೆ ಈ ವರ್ಷ ಫೆಬ್ರವರಿ ಮೊದಲಿನಿಂದ ಏಪ್ರಿಲ್ ಕೊನೆಯವರೆಗೆ ಒಂದು ಇಂಚು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನಗಳು ಬರಬೇಕು. ಪಕ್ಕದಲ್ಲಿ ಈ ವರ್ಷದ ಒಟ್ಟು ಮಳೆ ಬರಬೇಕು. ತೋಟಗಳನ್ನು ಲೂಪಿನಲ್ಲಿ ಒಂದೊಂದಾಗಿ ತೆಗೆದುಕೊಂಡು ಅದರ ‘ಮಳೆಗಳು’ ಮೇಲೆ ಸರ್ಚ್ ಮಾಡುತ್ತಿದ್ದೆ. ಪುಟ ನಿಧಾನವಾದುದರಿಂದ ಡಿಬಿಐಸಿ ಟ್ರೇಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯೆಬಲ್‌ಗೆ 1 ಕೊಟ್ಟು ನೋಡಿದಾಗ, ತೋಟಗಳಿಗೆ ಒಂದು, ಹೂಮಳೆಗೆ 38, ಮೊತ್ತಕ್ಕೆ 38, ಹೀಗೆ 77 ಕ್ವೆರಿಗಳು ಹೋಗುತ್ತಿರುವುದು ಕಂಡಿತು.

ಸಂಬಂಧಿತ ಸಾಲುಗಳನ್ನು ಮೊದಲೇ ತಂದಿಟ್ಟುಕೊಂಡರೆ ಸರಿಹೋಗುತ್ತದೆ ಎಂದು ಓದಿದ್ದೆನಾದ್ದರಿಂದ ತೋಟಗಳ ಸರ್ಚಿಗೆ ಪ್ರಿಫೆಚ್ ಸೇರಿಸಿದೆ. ಪುಟ ಇನ್ನೂ ನಿಧಾನವಾಯಿತು. ಕ್ವೆರಿಗಳ ಸಂಖ್ಯೆ ಮಾತ್ರ 77ರಲ್ಲೇ ಉಳಿಯಿತು. ಆಮೇಲೆ ದಿನಾಂಕದ ಮತ್ತು ಇಂಚಿನ ಷರತ್ತನ್ನು ತೋಟಗಳ ಸರ್ಚಿಗೇ ಸಾಗಿಸಿ, ಪ್ರಿಫೆಚ್ ಉಳಿಸಿಕೊಂಡು, ಮೊತ್ತವನ್ನು ‘ಮಳೆಗಳು’ ಸಾಲುಗಳನ್ನು ಕೂಡಿ ತೆಗೆಯುವಂತೆ ಬದಲಿಸಿದೆ. ಕ್ವೆರಿ ಒಂದಕ್ಕೆ ಇಳಿಯಿತು. ಆದರೆ 11 ತೋಟಗಳು ಪುಟದಿಂದಲೇ ಮಾಯವಾದವು, ಉಳಿದವುಗಳ ವರ್ಷದ ಮೊತ್ತ ರಿಜಿಸ್ಟರಿನಲ್ಲಿರುವುದಕ್ಕಿಂತ ಬಹಳ ಕಡಿಮೆ ಬಂದಿತು. ಎಲ್ಲಿ ತಪ್ಪುತ್ತಿದ್ದೇನೆ? ಕ್ವೆರಿಗಳ ಉತ್ತರವನ್ನು ಮೆಮೊರಿಯಲ್ಲಿ ಇಟ್ಟುಕೊಡುವ ಮೆಮ್‌ಕ್ಯಾಶ್‌ಡಿ ಎಂಬ ಸರ್ವರನ್ನು ಹಾಕಿಸಬೇಕೇ?

ಉತ್ತರ (ಹಾಸನದಿಂದ)

ಮೆಮ್‌ಕ್ಯಾಶ್‌ಡಿ ಈಗ ಬೇಡ. ಟ್ರೇಸ್ ಮಾಡಿ ಎಣಿಸಿ ಕೇಳಿದ್ದೀರಿ, ಅದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಮೂರೂ ಪ್ರಯತ್ನಗಳಲ್ಲಿ ನಡೆದಿರುವುದು ಬೇರೆ ಬೇರೆ ಸಂಗತಿಗಳಾದ್ದರಿಂದ ಒಂದೊಂದಾಗಿ ನೋಡೋಣ.

ಡಿಬಿಐಎಕ್ಸ್ ಕ್ಲಾಸ್‌ನಲ್ಲಿ ರಿಸಲ್ಟ್‌ಸೆಟ್ ಎಂದರೆ ಸಾಲುಗಳ ಪಟ್ಟಿಯಲ್ಲ, ಡೇಟಾಬೇಸಿಗೆ ಕೇಳಬೇಕಾದ ಪ್ರಶ್ನೆ. ಸರ್ಚ್ ಮಾಡಿದಾಗ ಪ್ರಶ್ನೆ ಸಿದ್ಧವಾಗುತ್ತದೆ. ಸಾಲು ಬೇಕೆಂದಾಗ ಮಾತ್ರ ಅದು ಡೇಟಾಬೇಸಿಗೆ ಹೋಗುತ್ತದೆ. ಕ್ಯಾಶ್ ಎಂಬುದು ಆ ಒಂದು ಪ್ರಶ್ನೆಗೆ ಅಂಟಿಕೊಂಡಿರುವ ಉತ್ತರ. ಪ್ರಿಫೆಚ್ ಮಾಡಿದಾಗ ಪ್ರತಿ ತೋಟದ ಆಬ್ಜೆಕ್ಟಿನೊಳಗೆ ‘ಈ ತೋಟದ ಎಲ್ಲ ಮಳೆ ಸಾಲುಗಳು ಯಾವುವು’ ಎಂಬ ಪ್ರಶ್ನೆಗೆ ಉತ್ತರ ತುಂಬಿರುತ್ತದೆ. ನೀವು ‘ಮಳೆಗಳು’ ಎಂದಷ್ಟೇ ಕೇಳಿದರೆ, ಅಥವಾ ಅದರ ಮೇಲೆ ಷರತ್ತಿಲ್ಲದೆ ಕೌಂಟ್ ಕೇಳಿದರೆ, ಅಲ್ಲಿಂದಲೇ ಉತ್ತರ ಸಿಗುತ್ತದೆ, ಕ್ವೆರಿ ಹೋಗುವುದಿಲ್ಲ. ಆದರೆ ಅದರ ಮೇಲೆ ಷರತ್ತು ಹಾಕಿ ಸರ್ಚ್ ಮಾಡಿದ ಕೂಡಲೇ ಹೊಸ ರಿಸಲ್ಟ್‌ಸೆಟ್ ಹುಟ್ಟುತ್ತದೆ, ಹಳೆಯ ಕ್ಯಾಶ್ ಅದಕ್ಕೆ ಬರುವುದಿಲ್ಲ. ಆರ್ಡರ್ ಬೈ ಒಂದನ್ನೇ ಕೊಟ್ಟರೂ ಹಾಗೆಯೇ. ಡಿಬಿಐಎಕ್ಸ್ ಕ್ಲಾಸ್ ನಿಮ್ಮ ಷರತ್ತನ್ನು ಮೆಮೊರಿಯಲ್ಲಿರುವ ಸಾಲುಗಳ ಮೇಲೆ ತಾನೇ ಪರೀಕ್ಷಿಸುವುದಿಲ್ಲ. ಷರತ್ತು ಎಸ್‌ಕ್ಯೂಎಲ್ ಆಗಿ ಡೇಟಾಬೇಸಿಗೇ ಹೋಗಬೇಕು. ಕೀಲಿ ಕೊಟ್ಟು ಒಂದೇ ಸಾಲನ್ನು ಹುಡುಕುವ ಫೈಂಡ್ ಕೂಡ ಈ ಕ್ಯಾಶನ್ನು ನೋಡುವುದಿಲ್ಲ. ಹೀಗಾಗಿ ಎರಡನೆಯ ಪ್ರಯತ್ನದಲ್ಲಿ 1,38,000 ಸಾಲುಗಳನ್ನು, ಪ್ರತಿಯೊಂದರ ಜೊತೆಗೂ ತೋಟದ ಕಾಲಮ್‌ಗಳನ್ನು ಮತ್ತೆ ಮತ್ತೆ ಹೊರಿಸಿಕೊಂಡು, ತಂದು ಆಬ್ಜೆಕ್ಟುಗಳನ್ನಾಗಿ ಕಟ್ಟಿ, ಅವನ್ನು ಒಮ್ಮೆಯೂ ಮುಟ್ಟದೆ, ಹಳೆಯ 76 ಕ್ವೆರಿಗಳನ್ನು ಮತ್ತೆ ಕಳಿಸಿದ್ದೀರಿ. ಟ್ರೇಸನ್ನು ಇನ್ನೊಮ್ಮೆ ನೋಡಿದರೆ ಒಂದೇ ವಾಕ್ಯ ತೋಟದ ಐಡಿಯನ್ನಷ್ಟೇ ಬದಲಿಸಿಕೊಂಡು 38 ಬಾರಿ ಬಂದಿರುವುದು ಕಾಣುತ್ತದೆ. ಆ ಚಹರೆಯನ್ನು ಗುರುತಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಮೂರನೆಯ ಪ್ರಯತ್ನವೇ ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ, ಏಕೆಂದರೆ ಅದು ಬೇಗ ಓಡುತ್ತದೆ ಮತ್ತು ತಪ್ಪು ಹೇಳುತ್ತದೆ. ಹ್ಯಾಸ್ ಮೆನಿ ಸಂಬಂಧಕ್ಕೆ ಪ್ರಿಫೆಚ್ ಲೆಫ್ಟ್ ಜಾಯಿನ್ ಮಾಡುತ್ತದೆ, ಅಂದರೆ ಮಳೆ ಸಾಲಿಲ್ಲದ ತೋಟವನ್ನೂ ಉಳಿಸಿಕೊಳ್ಳುತ್ತದೆ. ಆದರೆ ನಿಮ್ಮ ಷರತ್ತು, ಜಾಯಿನ್ ಆದ ಮೇಲೆ ಸಾಲುಗಳನ್ನು ಸೋಸುವ ವೇರ್ ಭಾಗಕ್ಕೆ ಸೇರುತ್ತದೆ. ಹೂಮಳೆ ಒಂದು ಇಂಚು ಮುಟ್ಟದ ತೋಟಕ್ಕೆ ಆ ಷರತ್ತು ತುಂಬುವ ಸಾಲೇ ಇಲ್ಲವಾದ್ದರಿಂದ ತೋಟವೇ ಬಿದ್ದುಹೋಗುತ್ತದೆ. ನಿಮ್ಮ 11 ತೋಟಗಳು ಹೋದದ್ದು ಹೀಗೆ. ಉಳಿದ 27 ತೋಟಗಳ ಆಬ್ಜೆಕ್ಟಿನಲ್ಲಿ ‘ಮಳೆಗಳು’ ಎಂಬ ಹೆಸರಿನಡಿ ಹೂಮಳೆಯ ದಿನಗಳು ಮಾತ್ರ ಕ್ಯಾಶ್ ಆಗಿವೆ. ಆ ಹೆಸರು ‘ಎಲ್ಲ ಮಳೆಗಳು’ ಎಂದು ಹೇಳುತ್ತಿದೆ, ಒಳಗಿರುವುದು ನಾಲ್ಕೈದು ದಿನದ ಲೆಕ್ಕ. ಆ ಆಬ್ಜೆಕ್ಟನ್ನು ಬೇರೆ ಫಂಕ್ಷನ್ನಿಗೆ ಕಳಿಸಿದರೆ ಅಲ್ಲಿರುವವರಿಗೆ ಇದು ತಿಳಿಯುವ ದಾರಿಯೇ ಇಲ್ಲ. ಸಂಬಂಧದ ಹೆಸರಿನಲ್ಲಿ ಅರೆಬರೆ ಉತ್ತರವನ್ನು ಕ್ಯಾಶ್ ಮಾಡಬಾರದು ಎಂಬುದನ್ನು ನಾನು ಬಹಳ ಗಟ್ಟಿಯಾಗಿ ನಂಬಿದ್ದೇನೆ.

ನಾನು ಮಾಡುವುದಾದರೆ ಹೀಗೆ ಮಾಡುತ್ತೇನೆ. ತೋಟಗಳಿಗೆ ಪ್ರಿಫೆಚ್ ಇಲ್ಲದ ಒಂದು ಸರ್ಚ್. ಎರಡನೆಯದು ನೇರವಾಗಿ ‘ಮಳೆ’ ಟೇಬಲ್ಲಿನ ಮೇಲೆ: ದಿನಾಂಕ ಮತ್ತು ಇಂಚಿನ ಷರತ್ತು ಹಾಕಿ ಎಲ್ಲ ತೋಟಗಳ ಹೂಮಳೆ ಸಾಲುಗಳನ್ನು ಒಟ್ಟಿಗೆ ತಂದು, ತೋಟದ ಐಡಿಯನ್ನು ಕೀಲಿಯಾಗಿಟ್ಟು ಒಂದು ಹ್ಯಾಶ್‌ನಲ್ಲಿ ಹಂಚಿಡುವುದು. ಮುಂದೆ ಒಂದು ಹೋಬಳಿಯ ತೋಟಗಳಷ್ಟೇ ಬೇಕಾದರೆ, ತೋಟಗಳ ರಿಸಲ್ಟ್‌ಸೆಟ್ಟಿನಿಂದ ಐಡಿ ಕಾಲಮನ್ನು ಗೆಟ್ ಕಾಲಮ್ ಮೂಲಕ ತೆಗೆದು, ಆ್ಯಸ್ ಕ್ವೆರಿ ಮಾಡಿ, ಅದನ್ನು ಮಳೆಯ ಸರ್ಚಿನ ಇನ್ ಷರತ್ತಿಗೆ ಕೊಡಿ. ಅದು ಒಳಕ್ವೆರಿಯಾಗಿ ಕುಳಿತುಕೊಳ್ಳುತ್ತದೆ, ಐಡಿಗಳನ್ನು ಪರ್ಲ್‌ಗೆ ತಂದು ಮತ್ತೆ ಕಳಿಸುವ ಅಗತ್ಯವಿಲ್ಲ. ಮೂರನೆಯದು ವರ್ಷದ ಮೊತ್ತ. ಕೂಡುವ ಕೆಲಸವನ್ನು ಡೇಟಾಬೇಸಿಗೇ ಬಿಡಿ: ತೋಟದ ಐಡಿಯ ಮೇಲೆ ಗ್ರೂಪ್ ಬೈ, ಮಳೆಯ ಮೇಲೆ ಸಮ್, ಅದಕ್ಕೆ ‘ಒಟ್ಟು’ ಎಂಬ ಹೆಸರು. ಆ ಹೆಸರು ಕ್ಲಾಸಿನಲ್ಲಿ ಘೋಷಿಸಿದ ಕಾಲಮ್ ಅಲ್ಲದ್ದರಿಂದ ಮೆಥಡ್‌ನಂತೆ ಕರೆದರೆ ಸಿಗುವುದಿಲ್ಲ, ಗೆಟ್ ಕಾಲಮ್‌ನಿಂದ ಓದಬೇಕು. ಓದಿ ತೋರಿಸುವುದಷ್ಟೇ ಕೆಲಸವಾದರೆ, ಸಾಲುಗಳನ್ನು ಬರಿಯ ಹ್ಯಾಶ್‌ಗಳಾಗಿ ಕೊಡುವ ಹ್ಯಾಶ್‌ರೆಫ್ ಇನ್‌ಫ್ಲೇಟರ್ ಹಾಕಿ. ಆಬ್ಜೆಕ್ಟ್ ಕಟ್ಟುವ ಖರ್ಚು ಉಳಿಯುತ್ತದೆ. ತೋಟದ ಐಡಿ ಮತ್ತು ದಿನಾಂಕ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಇರಲಿ.

ಒಂದೇ ತೋಟದ ಪುಟವಾದರೆ ಮಾತು ಬೇರೆ. ಅಲ್ಲಿ ಆ ತೋಟದ ಸಾಲುಗಳೆಲ್ಲವೂ ಹೇಗೂ ಬೇಕಿರುವುದರಿಂದ, ಒಮ್ಮೆ ತಂದು ಪರ್ಲ್‌ನ ಗ್ರೆಪ್‌ನಿಂದ ಹೂಮಳೆಯನ್ನು ಆರಿಸಿಕೊಂಡರೆ ಸಾಕು.

ಇಂಚನ್ನು ದಶಮಾಂಶದಲ್ಲಿ ಇಟ್ಟಿದ್ದೀರಾ ಎಂಬುದನ್ನು ನೀವು ಹೇಳಿಲ್ಲ. ನಮ್ಮ ಕಡೆ ಎರಡು ಇಂಚು ನಲವತ್ತು ಸೆಂಟು (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಎಂದೇ ಬರೆಯುತ್ತಾರಲ್ಲವೇ, ಅದನ್ನು 240 ಎಂಬ ಪೂರ್ಣಾಂಕವಾಗಿ ಸೆಂಟುಗಳಲ್ಲೇ ಇಡಿ. ನೂರಾರು ದಿನ ಕೂಡಿದರೂ ಲೆಕ್ಕ ಅಲ್ಲಾಡುವುದಿಲ್ಲ, ಮಿಲಿಮೀಟರ್ ಬೇಕಾದಾಗ ಇಂಚಿಗೆ 25.4ರಂತೆ ತೋರಿಸುವಾಗ ಮಾಡಿಕೊಳ್ಳಬಹುದು.

ಮರುಪ್ರಶ್ನೆ (ಮೂಡಿಗೆರೆಯಿಂದ)

ಸರ್, ಬಹಳ ಉಪಕಾರವಾಯಿತು. 77 ಕ್ವೆರಿ ಮೂರಕ್ಕೆ ಇಳಿದಿದೆ, 38 ತೋಟಗಳೂ ಪುಟದಲ್ಲಿವೆ. ಸೆಂಟಿನ ವಿಷಯವೂ ನೀವು ಊಹಿಸಿದಂತೆಯೇ ಇತ್ತು, ಬದಲಿಸಿದ್ದೇನೆ.

ಆದರೆ ಒಂದೇ ತೋಟದ ಪುಟದಲ್ಲಿ ಬೇರೊಂದು ವಿಚಿತ್ರ ಕಾಣುತ್ತಿದೆ. ಬೆಳಿಗ್ಗೆ ಮಳೆ ನಮೂದಿಸಿ ಪುಟವನ್ನು ತೆರೆದರೆ ಒಮ್ಮೆ ಹೊಸ ಸಾಲು ಕಾಣುತ್ತದೆ, ರಿಫ್ರೆಶ್ ಮಾಡಿದರೆ ಇರುವುದಿಲ್ಲ, ಇನ್ನೊಮ್ಮೆ ಮಾಡಿದರೆ ಮತ್ತೆ ಬರುತ್ತದೆ. ಡೇಟಾಬೇಸಿನಲ್ಲಿ ಸಾಲು ಸರಿಯಾಗಿಯೇ ಇದೆ. ತೋಟಗಳ ಪಟ್ಟಿ ಅಷ್ಟಾಗಿ ಬದಲಾಗುವುದಿಲ್ಲವೆಂದು, ಒಮ್ಮೆ ತೆಗೆದ ತೋಟದ ಆಬ್ಜೆಕ್ಟುಗಳನ್ನು ಒಂದು ಗ್ಲೋಬಲ್ ಹ್ಯಾಶ್‌ನಲ್ಲಿ ಇಟ್ಟುಕೊಂಡಿದ್ದೇನೆ. ನಮೂದಿಸುವ ಪುಟ ‘ಮಳೆ’ ರಿಸಲ್ಟ್‌ಸೆಟ್ಟಿನ ಕ್ರಿಯೇಟ್ ಬಳಸುತ್ತದೆ. ಅದಾದ ಮೇಲೆ ‘ಮಳೆಗಳು ಅಂಡರ್‌ಸ್ಕೋರ್ ಆರ್‌ಎಸ್’ ಎಂದು ಕರೆದು ಅದರ ಮೇಲೆ ಕ್ಲಿಯರ್ ಕ್ಯಾಶ್ ಮಾಡಿದರೂ ಪ್ರಯೋಜನವಾಗಲಿಲ್ಲ.

ಉತ್ತರ (ಚಿಕ್ಕಮಗಳೂರಿನಿಂದ)

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಇದೇ ತೊಂದರೆಯಲ್ಲಿ ನಾನು ಎರಡು ದಿನ ಕಳೆದಿದ್ದೇನೆ.

‘ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ’ ಎಂದಿರಲ್ಲ, ಅದರಲ್ಲೇ ಕಾರಣವಿದೆ. ನಿಮ್ಮ ವೆಬ್ ಸರ್ವರ್ ಹಲವು ವರ್ಕರ್ ಪ್ರೋಸೆಸ್‌ಗಳನ್ನು, ಅಂದರೆ ಒಂದೇ ಪ್ರೋಗ್ರಾಮಿನ ಹಲವು ಪ್ರತಿಗಳನ್ನು, ಓಡಿಸುತ್ತಿರಬೇಕು. ಪ್ರತಿಯೊಂದಕ್ಕೂ ತನ್ನದೇ ಮೆಮೊರಿ, ಹಾಗಾಗಿ ತನ್ನದೇ ಗ್ಲೋಬಲ್ ಹ್ಯಾಶ್, ತನ್ನದೇ ಹಳೆಯ ತೋಟದ ಆಬ್ಜೆಕ್ಟ್. ನಿಮ್ಮ ವಿನಂತಿ ಯಾವ ವರ್ಕರ್‌ಗೆ ಹೋಯಿತೋ ಅದರ ಕ್ಯಾಶ್ ಹೇಳಿದ್ದು ಕಾಣುತ್ತದೆ. ಒಂದು ವರ್ಕರ್‌ನಲ್ಲಿ ಎಷ್ಟೇ ಶುಚಿ ಮಾಡಿದರೂ ಉಳಿದವುಗಳಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಆ ಗ್ಲೋಬಲ್ ಹ್ಯಾಶನ್ನು ತೆಗೆದುಹಾಕಿ. ಸಾಲಿನ ಆಬ್ಜೆಕ್ಟಿನ ಆಯಸ್ಸು ಒಂದು ವಿನಂತಿಯಷ್ಟೇ ಇರಬೇಕು. 38 ತೋಟಗಳನ್ನು ಪ್ರತಿಸಲ ಓದುವುದು ಎಸ್‌ಕ್ಯೂಲೈಟ್‌ಗೆ ಹೊರೆಯೇ ಅಲ್ಲ.

ಕ್ಲಿಯರ್ ಕ್ಯಾಶ್ ಏಕೆ ಕೆಲಸ ಮಾಡಲಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಒಂದೇ ಪ್ರೋಸೆಸ್‌ನಲ್ಲಿ ಓಡುವ ಸ್ಕ್ರಿಪ್ಟುಗಳಲ್ಲಿ ಇದು ಬೇಕಾಗುತ್ತದೆ. ಆ ಆರ್‌ಎಸ್ ಮೆಥಡ್ ಪ್ರತಿಸಲವೂ ಹೊಸ ರಿಸಲ್ಟ್‌ಸೆಟ್ ಕೊಡುತ್ತದೆ. ನೀವು ಶುಚಿ ಮಾಡಿದ್ದು ಆ ಪ್ರತಿಯನ್ನು. ತೋಟದ ಆಬ್ಜೆಕ್ಟಿನೊಳಗಿನ ಮೂಲ ಹಾಗೆಯೇ ಉಳಿಯಿತು. ಮೂಲವನ್ನು ಕೈಗೆ ಕೊಡುವುದು ರಿಲೇಟೆಡ್ ರಿಸಲ್ಟ್‌ಸೆಟ್ ಎಂಬ ಮೆಥಡ್. ಅದಕ್ಕೆ ಸಂಬಂಧದ ಹೆಸರು ಕೊಟ್ಟು, ಬಂದುದರ ಮೇಲೆ ಕ್ಲಿಯರ್ ಕ್ಯಾಶ್ ಕರೆಯಿರಿ. ತೋಟದ ಮೇಲೆ ಡಿಸ್ಕಾರ್ಡ್ ಚೇಂಜಸ್ ಕರೆದರೂ ಆಗುತ್ತದೆ, ಸಾಲು ಡೇಟಾಬೇಸಿನಿಂದ ಮತ್ತೆ ಓದಲ್ಪಡುತ್ತದೆ. ಉಳಿಸದ ಬದಲಾವಣೆಗಳಿದ್ದರೆ ಅವೂ ಹೋಗುತ್ತವೆ ಎಂಬುದು ನೆನಪಿರಲಿ. ಇವೆರಡಕ್ಕಿಂತಲೂ ಒಳ್ಳೆಯದು ಮಳೆಯನ್ನು ತೋಟದ ಮೂಲಕವೇ ಸೇರಿಸುವುದು. ಕ್ರಿಯೇಟ್ ರಿಲೇಟೆಡ್, ಅಥವಾ ಅದನ್ನೇ ಕರೆಯುವ ‘ಆ್ಯಡ್ ಟು’ ಮೆಥಡ್ ಬಳಸಿದರೆ, ಆ ಆಬ್ಜೆಕ್ಟ್ ತನ್ನಲ್ಲಿರುವ ಹಳೆಯ ಸಂಬಂಧಿತ ರಿಸಲ್ಟ್‌ಸೆಟ್ಟನ್ನು ತಾನೇ ಬಿಸಾಡುತ್ತದೆ. ನೀವು ಮಳೆಯ ಕಡೆಯಿಂದ ಸೇರಿಸಿದ್ದರಿಂದ ತೋಟಕ್ಕೆ ಸುದ್ದಿಯೇ ಮುಟ್ಟಲಿಲ್ಲ.

ಪುಟಗಳನ್ನು ಕಟ್ಟಲು ಟೆಂಪ್ಲೇಟ್ ಟೂಲ್‌ಕಿಟ್ ಎಂಬ ಪರ್ಲ್ ಮಾಡ್ಯೂಲ್ ಬಳಸುತ್ತಿದ್ದರೆ ಇನ್ನೊಂದು ಎಚ್ಚರ. ಅದು ಮೆಥಡ್‌ಗಳನ್ನು ಲಿಸ್ಟ್ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಪಟ್ಟಿ ಬೇಕೆಂಬಂತೆ, ಕರೆಯುತ್ತದೆ. ಆಗ ‘ಮಳೆಗಳು’ ರಿಸಲ್ಟ್‌ಸೆಟ್ಟನ್ನು ಕೊಡದೆ ಸಾಲುಗಳನ್ನೇ ಕೊಡುತ್ತದೆ, ಒಂದೇ ಸಾಲಿದ್ದರೆ ಪಟ್ಟಿಯ ಬದಲು ಆ ಸಾಲು ಮಾತ್ರ ಕೈಗೆ ಬರುತ್ತದೆ. ಟೆಂಪ್ಲೇಟಿನಲ್ಲಿ ರಿಸಲ್ಟ್‌ಸೆಟ್ ಬೇಕಾದಾಗ ಆರ್‌ಎಸ್ ಇರುವ ಮೆಥಡನ್ನೇ ಬಳಸಿ.

ಉತ್ತರ (ಹಾಸನದಿಂದ)

ಚಿಕ್ಕಮಗಳೂರಿನವರು ಹೇಳಿದ್ದು ಸರಿಯಾಗಿದೆ. ಮೊದಲ ಪ್ರಶ್ನೆಯಲ್ಲಿದ್ದ ಮೆಮ್‌ಕ್ಯಾಶ್‌ಡಿಯ ಬಗ್ಗೆ ಎರಡು ಮಾತು ಬಾಕಿ ಉಳಿದಿತ್ತು. ಹತ್ತು ವರ್ಷದ ತಿಂಗಳವಾರು ಹೋಲಿಕೆಯಂತಹ, ಹಿಂದಿನ ವರ್ಷಗಳ ಮುಗಿದ ಲೆಕ್ಕವನ್ನು ಎಲ್ಲ ವರ್ಕರ್‌ಗಳೂ ಹಂಚಿಕೊಳ್ಳಬೇಕೆಂದರೆ ಡಿಬಿಐಎಕ್ಸ್ ಕ್ಲಾಸ್ ಕರ್ಸರ್ ಕ್ಯಾಶ್ಡ್ ಎಂಬ ಮಾಡ್ಯೂಲ್ ಇದೆ. ಕ್ಯಾಶ್ ಫಾರ್ ಎಂದು ಸರ್ಚಿಗೆ ಇಂತಿಷ್ಟು ಸೆಕೆಂಡು ಎಂದು ಕೊಟ್ಟರೆ, ಆ ಕ್ವೆರಿಯ ಫಲಿತಾಂಶ ಅಷ್ಟು ಹೊತ್ತು ಹೊರಗಿನ ಕ್ಯಾಶ್‌ನಲ್ಲಿ ಇರುತ್ತದೆ. ಇವತ್ತಿನ ಮಳೆ ಬರುವ ಪುಟಕ್ಕೆ ಅದನ್ನು ಹಾಕಬೇಡಿ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ನಮೂದಿಸಿದವರು ಕೂಡಲೇ ಪುಟದಲ್ಲಿ ಅದನ್ನು ನೋಡಲು ಬಯಸುತ್ತಾರೆ. ಕಾಣದಿದ್ದರೆ ಎರಡನೆಯ ಸಲ ನಮೂದಿಸುತ್ತಾರೆ. ಒಂದೇ ತೋಟಕ್ಕೆ ಒಂದೇ ದಿನ ಎರಡು ಸಾಲು ಸೇರದಂತೆ, ತೋಟದ ಐಡಿ ಮತ್ತು ದಿನಾಂಕದ ಆ ಇಂಡೆಕ್ಸನ್ನು ಯುನೀಕ್ ಮಾಡಿಡಿ.

ಪ್ರಶ್ನೆ ಕೇಳಿದವರಿಂದ (ಮೂಡಿಗೆರೆ)

ಗ್ಲೋಬಲ್ ಹ್ಯಾಶ್ ತೆಗೆದೆ, ನಮೂದನ್ನು ತೋಟದ ಮೂಲಕ ‘ಆ್ಯಡ್ ಟು’ ಮೆಥಡ್‌ಗೆ ಬದಲಿಸಿದೆ. ಸರ್ವರಿನಲ್ಲಿ ನಾಲ್ಕು ವರ್ಕರ್‌ಗಳು ಓಡುತ್ತಿದ್ದವು. ಈಗ ಎಷ್ಟು ಸಲ ರಿಫ್ರೆಶ್ ಮಾಡಿದರೂ ಒಂದೇ ಉತ್ತರ ಬರುತ್ತಿದೆ. ಯುನೀಕ್ ಇಂಡೆಕ್ಸ್ ಮಾಡಹೊರಟಾಗ ಎಸ್‌ಕ್ಯೂಲೈಟ್ ಒಪ್ಪಲಿಲ್ಲ. ಹುಡುಕಿದರೆ ಆರು ದಿನಗಳ ಮಳೆ ಎರಡೆರಡು ಸಲ ಸೇರಿತ್ತು, ಆರೂ ಈ ಮಳೆಗಾಲದವೇ, ಸಾಲು ಕಾಣದೆ ಮತ್ತೆ ನಮೂದಿಸಿದವು. ರಿಜಿಸ್ಟರ್ ಮುಂದಿಟ್ಟುಕೊಂಡು ಒಂದೊಂದನ್ನೇ ನೋಡಿ ಅಳಿಸಿದೆ, ಆಮೇಲೆ ಇಂಡೆಕ್ಸ್ ಆಯಿತು. ಇಬ್ಬರಿಗೂ ಧನ್ಯವಾದಗಳು, ಸಮಸ್ಯೆ ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.