ಕೀಲಿಕೈ ಇಲ್ಲದ ವಾಚಿಗೂ ‘ಕೀ ಕೊಡು’ವುದೇಕೆ?

ಗೆಳೆಯರೇ, ನಮಸ್ಕಾರ.

ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ಮೊನ್ನೆ ರಿಪೇರಿಗೆ ಒಯ್ದಿದ್ದೆ. ಅಂಗಡಿಯ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಒಳಗಿದ್ದ ಕೂದಲೆಳೆಯಂಥ ಸುರುಳಿಯನ್ನು ಚಿಮಟದ ತುದಿಯಲ್ಲಿ ತೋರಿಸಿ, “ಬಾಲ್ ಕಮಾನಿಗೆ ಎಣ್ಣೆ ಅಂಟಿದೆ, ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿವೆ. ಅದಕ್ಕೇ ಜಾಸ್ತಿ ಓಡ್ತಿದೆ. ತೊಳೆದು ಕೊಡ್ತೀನಿ, ದಿನಾ ಬೆಳಿಗ್ಗೆ ಕೀ ಕೊಡಿ” ಅಂದರು.

ಕೈಗಡಿಯಾರಕ್ಕೆ ಕೀ ಎಲ್ಲಿದೆ? ಪಕ್ಕದ ಪುಟ್ಟ ತಿರುಪನ್ನು ಬೆರಳಲ್ಲಿ ತಿರುಗಿಸುತ್ತೇವೆ, ಅಷ್ಟೇ ಅಲ್ವಾ? ಆಗ ಅಜ್ಜಿ ಮನೆಯ ಗೋಡೆ ಗಡಿಯಾರ ನೆನಪಾಯಿತು. ಅದರ ಮುಖದ ಮೇಲೆ ಎರಡು ತೂತುಗಳಿದ್ದವು. ಒಂದಕ್ಕೆ ಕೀ ಹಾಕಿ ತಿರುವಿದರೆ ಮುಳ್ಳು ಓಡುತ್ತಿತ್ತು, ಇನ್ನೊಂದಕ್ಕೆ ತಿರುವಿದರೆ ಗಂಟೆ ಬಾರಿಸುತ್ತಿತ್ತು. ಮಾತು ಅಲ್ಲಿಂದಲೇ ಕೈಗಡಿಯಾರಕ್ಕೆ ಇಳಿದಿರಬೇಕು. ಧಾರವಾಡದ ಗೆಳತಿ ‘ಚಾವಿ ಕೊಡು’ ಅನ್ನುತ್ತಾಳೆ. ಅಲ್ಲೂ ಕೀಲಿಕೈಯೇ!

ಹೊತ್ತಿನ ವಿಷಯದಲ್ಲಿ ನಾವು ಹೀಗೇ ಅನ್ನಿಸುತ್ತದೆ. ಸಾಮಾನು ಹೋದರೂ ಹೆಸರು ಬಿಡುವುದಿಲ್ಲ. ಹಿಂದೆ ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ‘ಘಟಿಕಾ’ ಅಂದರೇ ಪುಟ್ಟ ಗಡಿಗೆ. ಬಡಿಯುವ ಗಂಟೆಯೇ ಹೊತ್ತಿನ ‘ಗಂಟೆ’ ಆಯಿತು. ಉತ್ತರ ಕರ್ನಾಟಕದ ‘ತಾಸು’ ನನಗೆ ಇನ್ನೂ ಇಷ್ಟ. ಪಾರಸಿಯಲ್ಲಿ ತಾಸ್ ಅಂದರೆ ಬಟ್ಟಲು. ನಮ್ಮ ತಾಸಿನ ಬೇರು ಅಲ್ಲೇ ಇದೆ ಅಂತ ನನ್ನ ಎಣಿಕೆ. ನಿಮಗೇನನ್ನಿಸುತ್ತದೆ?

ನನ್ನ ಮುಖ್ಯ ಪ್ರಶ್ನೆ ಬೇರೆ. ‘ಬಾಲ್ ಕಮಾನಿ’ ಹಿಂದಿಯದು: ಬಾಲ್ ಅಂದರೆ ಕೂದಲು, ಕಮಾನಿ ಅಂದರೆ ಸ್ಪ್ರಿಂಗು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಷ್ಟೋ ಕನ್ನಡಿಗರು, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲಿ ಕೂತು ಈ ಸುರುಳಿಯನ್ನು, ಅಕ್ಕಿನುಚ್ಚಿಗಿಂತ ಸಣ್ಣ ಕೆಂಪು ಹರಳುಗಳನ್ನು ಜೋಡಿಸಿದ್ದಾರೆ. ಪಕ್ಕದವರ ಹತ್ತಿರ ಮಾತಾಡುವಾಗ ಇವನ್ನೆಲ್ಲ ಏನಂತ ಕರೆಯುತ್ತಿದ್ದರು? ಹಿಂದಿ, ಇಂಗ್ಲಿಷ್ ಹೆಸರುಗಳೇ ಇದ್ದವೋ, ತಮ್ಮದೇ ಪದ ಕಟ್ಟಿಕೊಂಡಿದ್ದರೋ? ನಿಮ್ಮ ಅಮ್ಮನೋ ಚಿಕ್ಕಪ್ಪನೋ ಅಲ್ಲಿ ದುಡಿದಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಒಂದೇ ಪದ ಸಿಕ್ಕರೂ ಸಾಕು, ಅವರು ಹೇಳಿದ ಹಾಗೇ ಬರೆಯಿರಿ.